ಹಳೇಬೀಡಿನ ಕಳೆಗಿಡ ಮತ್ತು ಒಂದು ಮಾತ್ರೆಯ ಚರಿತ್ರೆ



ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳ ಮೇಲೆ ಎಷ್ಟೊಂದು ಬಳ್ಳಿ, ಎಲೆ, ಹೂಗಳ ಕೆತ್ತನೆಯಿದೆ! ಆದರೆ ಇಂದು ಆ ಸೀಮೆಯ ಬೀಳು ಹೊಲಗಳಲ್ಲೂ ರಸ್ತೆಯಂಚಿನಲ್ಲೂ ಬೆಳೆಯುವ ಒಂದು ಗಿಡವನ್ನು 12ನೆಯ ಶತಮಾನದ ಶಿಲ್ಪಿಗಳು ಕಂಡಿರಲಾರರು. ಅದೇ ಪಾರ್ಥೇನಿಯಂ; ರೈತರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ ನಮ್ಮ ದೇಶದಲ್ಲಿ ಹಬ್ಬಿದ್ದು 1950ರ ದಶಕದಿಂದ ಈಚೆಗೆ.

ಇದರ ಪರಾಗ ಮೂಗನ್ನು ಸೇರಿದಾಗ ಕೆಲವರ ದೇಹ ಅದನ್ನು ಶತ್ರುವೆಂದು ಎಣಿಸುತ್ತದೆ. ಮೂಗಿನ ಒಳಪೊರೆಯ ಮಾಸ್ಟ್ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಅದು ನರ ಮತ್ತು ರಕ್ತನಾಳಗಳಲ್ಲಿರುವ ಎಚ್-1 ಗ್ರಾಹಕಗಳನ್ನು ಕೂಡಿದೊಡನೆ ಸೀನು, ಮೂಗು ಸೋರುವುದು, ಕಣ್ಣಿನ ತುರಿಕೆ ಆರಂಭವಾಗುತ್ತವೆ. ಇದೇ ಅಲರ್ಜಿ.

ಹಿಸ್ಟಮಿನ್ ದೇಹದಲ್ಲಿ ಉಂಟುಮಾಡುವ ಪರಿಣಾಮಗಳನ್ನು ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ 1910ರಲ್ಲಿ ವಿವರಿಸಿದರು. ಅದನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್-ಮಾರಿ ಸ್ಟಾಬ್ ಕಂಡುಹಿಡಿದರು. ಬೊವೆಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1940ರ ದಶಕದಲ್ಲಿ ಔಷಧಗಳು ಬಳಕೆಗೆ ಬಂದವು. ಸೀನು ನಿಂತಿತು, ಆದರೆ ನಿದ್ದೆ ಒತ್ತರಿಸಿ ಬಂತು. ಕಾರಣವೇನು? ನಮ್ಮ ಮೆದುಳನ್ನು ಎಚ್ಚರವಾಗಿಡುವುದರಲ್ಲಿಯೂ ಹಿಸ್ಟಮಿನ್ನಿನ ಪಾತ್ರವಿದೆ. ಹಳೆಯ ಮಾತ್ರೆಗಳು ಮೆದುಳನ್ನೂ ಹೊಕ್ಕು ಅಲ್ಲಿಯೂ ಅದನ್ನು ತಡೆಯುತ್ತಿದ್ದವು.

1980ರ ದಶಕದಲ್ಲಿ ಎರಡನೆಯ ತಲೆಮಾರಿನ ಔಷಧಗಳು ಬಂದವು. ಸೆಟಿರಿಜಿನ್, ಲೊರಟಡೀನ್ ಈ ಗುಂಪಿನವು. ಇವೂ ಎಚ್-1 ಗ್ರಾಹಕಗಳನ್ನೇ ಹಿಡಿಯುತ್ತವೆ. ಆದರೆ ಮೆದುಳಿನ ರಕ್ತನಾಳಗಳ ಬಿಗಿಯಾದ ಗೋಡೆಯನ್ನು ದಾಟುವುದು ತೀರ ಕಡಿಮೆ. ಆದ್ದರಿಂದ ತೂಕಡಿಕೆಯೂ ಕಡಿಮೆ. ಸೆಟಿರಿಜಿನ್ ಮಾತ್ರ ಕೆಲವರಿಗೆ ನಿದ್ದೆ ತರುವುದುಂಟು.

ಹೊಸದೆಲ್ಲವೂ ನಿರಪಾಯವೆಂದು ತಿಳಿಯಬೇಡಿ. ಈ ತಲೆಮಾರಿನದೇ ಆದ ಟರ್ಫೆನಡೀನ್, ಕೆಲವು ಬೇರೆ ಔಷಧಗಳೊಡನೆ ಸೇರಿದಾಗ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತಿತ್ತು. 1998ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದರು. ಅದು ದೇಹದೊಳಗೆ ಮಾರ್ಪಟ್ಟು ಆಗುವ ಫೆಕ್ಸೊಫೆನಡೀನ್ ಎಂಬ ವಸ್ತುವಿಗೆ ಆ ದೋಷವಿರಲಿಲ್ಲ. ಅದನ್ನೇ ಔಷಧವಾಗಿ ಬಳಕೆಗೆ ತಂದರು.

ಒಂದು ಮಾತು ನೆನಪಿರಲಿ. ಈ ಮಾತ್ರೆ ಹಿಸ್ಟಮಿನ್ನಿನ ಕೆಲಸವನ್ನು ತಡೆಯುತ್ತದೆಯೇ ಹೊರತು ಅಲರ್ಜಿಯನ್ನು ಬೇರುಸಹಿತ ಕೀಳುವುದಿಲ್ಲ. ಬರಿಗೈಯಲ್ಲಿ ಪಾರ್ಥೇನಿಯಂ ಕಿತ್ತವರ ಚರ್ಮದ ಮೇಲೆ ದಿನಗಟ್ಟಲೆ ಕಾಡುವ ಉರಿಗಾಯ ಬಹುಮಟ್ಟಿಗೆ ಬೇರೆಯೇ ಬಗೆಯದು. ಅದರಲ್ಲಿ ಹಿಸ್ಟಮಿನ್ನಿನದು ಮುಖ್ಯ ಪಾತ್ರವಲ್ಲ, ಈ ಮಾತ್ರೆಯಿಂದ ಅದು ವಾಸಿಯಾಗದು. ನಿಮ್ಮ ಮನೆಯವರು ಹೊಲದ ಕಳೆ ಕೀಳಲು ಹೊರಟರೆ ಕೈಗವಸು ಹಾಕಿಕೊಳ್ಳಲು, ಮೈತುಂಬ ಬಟ್ಟೆ ತೊಡಲು ಹೇಳಿ. ಹೂ ಬಿಡುವ ಮೊದಲೇ ಕಿತ್ತರೆ ಪರಾಗವೂ ಇಲ್ಲ, ಬೀಜವೂ ಇಲ್ಲ. ಮಾತ್ರೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.