ಬಿಸುಟ ಕಾಗದಗಳ ಸಾಕ್ಷ್ಯ

ಇತಿಹಾಸಕ್ಕೆ ಆಧಾರಗಳಾದ ಶಿಲಾಶಾಸನ, ತಾಮ್ರಪಟ, ಗ್ರಂಥ ಮೊದಲಾದುವು ಬಹುಕಾಲ ಬಾಳಲೆಂಬ ಉದ್ದೇಶದಿಂದಲೇ ಹುಟ್ಟಿದುವು. ಆಚಂದ್ರಾರ್ಕವಾಗಿ ನಿಲ್ಲಲೆಂದು ಬರೆಯಿಸಿದ ಮಾತುಗಳಿಂದ, ಬರೆಯಿಸಿದವನು ಮುಂದಿನವರಿಗೆ ಏನನ್ನು ತಿಳಿಸಬಯಸಿದನೆಂಬುದು ಗೊತ್ತಾಗುತ್ತದೆ. ಅವನು ಹೇಳದೆ ಬಿಟ್ಟುದು ಗೊತ್ತಾಗುವುದಿಲ್ಲ. ಇವುಗಳಿಗೆ ಪ್ರತಿಯಾಗಿ, ಒಂದು ದಿನದ ಅಥವಾ ಒಂದು ವಾರದ ಕೆಲಸಕ್ಕಾಗಿ ಅಚ್ಚಾಗಿ, ಕೆಲಸ ತೀರಿದೊಡನೆ ಬಿಸುಡಲ್ಪಡುವ ಕಾಗದಗಳ ದೊಡ್ಡದೊಂದು ವರ್ಗವುಂಟು. ನಾಟಕದ ಹಸ್ತಪತ್ರಿಕೆ, ರೈಲಿನ ಟಿಕೀಟು, ಅಂಗಡಿಯ ರಸೀದಿ, ಬೆಂಕಿಪೆಟ್ಟಿಗೆಯ ಚೀಟಿ, ಲಗ್ನಪತ್ರಿಕೆ, ಕಳೆದ ವರ್ಷದ ಪಂಚಾಂಗ, ಚಿತ್ರದ ಅಂಚೆಕಾರ್ಡು ಇವೇ ಮುಂತಾದುವು ಈ ವರ್ಗಕ್ಕೆ ಸೇರಿದುವು. ಇವುಗಳನ್ನು ಅಲ್ಪಾಯುಷಿ ಮುದ್ರಿತಗಳೆಂದು ಕರೆಯಬಹುದು. ಇವು ಮುಂದಿನವರನ್ನು ಉದ್ದೇಶಿಸಿ ಮಾತನಾಡುವುವಲ್ಲ. ಆದುದರಿಂದಲೇ ಇವುಗಳ ಸಾಕ್ಷ್ಯಕ್ಕೆ ಬೆಲೆಯುಂಟು. ಆದರೆ ಈ ಸಾಕ್ಷ್ಯವು ಕಾಗದದ ಮೇಲೆ ಅಚ್ಚಾದ ಅಕ್ಷರಗಳಲ್ಲಿ ಮಾತ್ರವೇ ಇಲ್ಲ. ಅದು ಯಾವ ಕಾಲದಲ್ಲಿ, ಯಾರ ಕೈಯಲ್ಲಿ, ಯಾವ ಕಾಗದಗಳ ಜೊತೆಯಲ್ಲಿ ಇದ್ದಿತೆಂಬುದರಲ್ಲಿಯೂ ಇದೆ. ಸಂಗ್ರಾಹಕನು ಕಾಗದವನ್ನು ಉಳಿಸುತ್ತ ಈ ಎರಡನೆಯ ಸಾಕ್ಷ್ಯವನ್ನು ಅಳಿಸಬಲ್ಲನು. ಹಿಂದಿನ ಕೆಲವು ಸಂಗ್ರಹಗಳ ಚರಿತ್ರೆಯಿಂದ ಈ ಸಂಗತಿಯು ಸ್ಪಷ್ಟವಾಗುತ್ತದೆ.

ಇಂಗ್ಲೆಂಡಿನಲ್ಲಿ 1641ರಲ್ಲಿ ಸ್ಟಾರ್ ಚೇಂಬರ್ ಎಂಬ ನ್ಯಾಯಸಭೆಯು ರದ್ದಾಗಿ, ಮುದ್ರಣದ ಮೇಲಣ ಹಿಡಿತವು ಸಡಿಲವಾಯಿತು. ರಾಜನಿಗೂ ಪಾರ್ಲಿಮೆಂಟಿಗೂ ಕಲಹವು ಬೆಳೆದಂತೆಲ್ಲ ಕಿರುಹೊತ್ತಗೆಗಳೂ ಸುದ್ದಿಯ ಹಾಳೆಗಳೂ ಲಂಡನ್ನಿನಲ್ಲಿ ಪ್ರವಾಹದಂತೆ ಹೊರಟುವು. ಜಾರ್ಜ್ ಟಾಮಸನ್ ಎಂಬ ಪುಸ್ತಕ ವ್ಯಾಪಾರಿಯು 1640ರಿಂದ 1661ರ ವರೆಗೆ ಇಂತಹ ಸುಮಾರು 22,000 ಮುದ್ರಿತಗಳನ್ನು ಕೂಡಿಸಿದನು. ಅವನು ಮಾಡಿದ ಮತ್ತೊಂದು ಕೆಲಸವು ಇದಕ್ಕಿಂತಲೂ ಹೆಚ್ಚಿನದು: ಅವುಗಳಲ್ಲಿ ಅನೇಕದರ ಮೇಲೆ ದಿನಾಂಕವನ್ನು ತನ್ನ ಕೈಯಿಂದಲೇ ಗುರುತು ಹಾಕಿ, ಕಾಲಕ್ರಮದಲ್ಲಿ ಜೋಡಿಸಿಟ್ಟನು. ಮೂರನೆಯ ಜಾರ್ಜ್ ದೊರೆಯು ಈ ಸಂಗ್ರಹವನ್ನು 1762ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟನು. ಮುಖಪುಟದಲ್ಲಿ ವರ್ಷವನ್ನು ಮಾತ್ರವೇ ಹೇಳುವ ಕಿರುಹೊತ್ತಗೆಯೊಂದು ಯಾವ ತಿಂಗಳಲ್ಲಿ, ಯಾವ ವಾದಕ್ಕೆ ಉತ್ತರವಾಗಿ ಹೊರಟಿತೆಂಬುದನ್ನು ಇತಿಹಾಸಜ್ಞರು ನಿರ್ಣಯಿಸಲು ಆ ಗುರುತುಗಳು ನೆರವಾಗಿವೆ. ಆ ವ್ಯಾಪಾರಿಯ ಒಂದು ಸಾಲಿನ ಟಿಪ್ಪಣಿಯು ಇಲ್ಲದಿದ್ದರೆ, ಎಷ್ಟೋ ಹಾಳೆಗಳು ಉಳಿದಿದ್ದರೂ ಅವುಗಳ ಹಿಂದುಮುಂದು ತಿಳಿಯುತ್ತಿರಲಿಲ್ಲ.

ಇದಕ್ಕೆ ಭಿನ್ನವಾದ ಮಾರ್ಗವನ್ನು ಹಿಡಿದವನು ಜಾನ್ ಬ್ಯಾಗ್‌ಫರ್ಡ್. 1716ರಲ್ಲಿ ಮೃತನಾದ ಇವನು ಮೊದಲು ಚಮ್ಮಾರನಾಗಿದ್ದು ಬಳಿಕ ಪುಸ್ತಕಗಳ ವ್ಯಾಪಾರಕ್ಕೆ ಇಳಿದನು. ಮುದ್ರಣಕಲೆಯ ಚರಿತ್ರೆಯನ್ನು ಬರೆಯಬೇಕೆಂದು ಸಂಕಲ್ಪಿಸಿ, ಮುಖಪುಟಗಳು, ಅಲಂಕಾರದ ಪಟ್ಟಿಗಳು, ಜಾಹೀರಾತುಗಳು ಮೊದಲಾದ ಸಹಸ್ರಾರು ತುಣುಕುಗಳನ್ನು ಕೂಡಿಸಿದನು. ಚರಿತ್ರೆಯು ಬರೆಯಲ್ಪಡಲಿಲ್ಲ, ತುಣುಕುಗಳು ಮಾತ್ರ ಉಳಿದುವು. ಪುಸ್ತಕಗಳ ಅಂಗಚ್ಛೇದನ ಮಾಡಿದವನೆಂಬ ಅಪಕೀರ್ತಿಯು ಅವನಿಗೆ ಬಹುಕಾಲ ಅಂಟಿಕೊಂಡಿತ್ತು. ಈಚಿನ ವಿದ್ವಾಂಸರು ಈ ತೀರ್ಪನ್ನು ತಿದ್ದಿರುತ್ತಾರೆ: ಅವನ ತುಣುಕುಗಳಲ್ಲಿ ಹಲವು ಆಗಲೇ ಹರಿದುಹೋಗಿದ್ದ ಪುಸ್ತಕಗಳಿಂದಲೂ ರಟ್ಟುಕಟ್ಟುವವರ ಕಸದಿಂದಲೂ ಬಂದುವು, ಅವನು ಎತ್ತಿಡದಿದ್ದರೆ ಅವು ಪೂರ್ತಿಯಾಗಿ ಹಾಳಾಗುತ್ತಿದ್ದುವು. ಈ ವಾದವು ನ್ಯಾಯವಾದುದೇ. ಆದರೂ ಮೂಲದಿಂದ ಬೇರ್ಪಟ್ಟ ಮುಖಪುಟವು ತನ್ನ ಪುಸ್ತಕವನ್ನು ಕುರಿತು ಹೇಳಬಲ್ಲುದು ಅತ್ಯಲ್ಪವೆಂಬುದು ಇದರಿಂದ ಸುಳ್ಳಾಗದು.

ಯಾವುದು ಉಳಿಸತಕ್ಕುದು ಎಂಬ ವಿಷಯದಲ್ಲಿ ದೊಡ್ಡ ಗ್ರಂಥಾಲಯಗಳ ಅಭಿಪ್ರಾಯವೂ ಸ್ಥಿರವಾಗಿರಲಿಲ್ಲ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವನ್ನು ಸ್ಥಾಪಿಸಿದ ಸರ್ ಟಾಮಸ್ ಬಾಡ್ಲಿಯು ಪಂಚಾಂಗಗಳನ್ನೂ ನಾಟಕಗಳನ್ನೂ ಅಂತಹ ಇತರ ನಿತ್ಯದ ಮುದ್ರಿತಗಳನ್ನೂ ಅಲ್ಲಿಗೆ ಸೇರಿಸಕೂಡದೆಂದು 1612ರಲ್ಲಿ ತನ್ನ ಗ್ರಂಥಪಾಲಕನಿಗೆ ಬರೆದನು. ಅವನು ಬೇಡವೆಂದ ವರ್ಗದ ಕಾಗದಗಳಿಗೆ ಅದೇ ಊರಿನಲ್ಲಿ ಮೂರು ಶತಮಾನಗಳ ಅನಂತರ ರಕ್ಷಕನೊಬ್ಬನು ದೊರೆತನು. ಆತನೇ ಜಾನ್ ಜಾನ್ಸನ್ (1882–1956). ಜಾನ್ಸನ್ನನು ಯೌವನದಲ್ಲಿ ಈಜಿಪ್ಟಿನಲ್ಲಿ ಪ್ರಾಚೀನ ಪಟ್ಟಣಗಳ ಕಸದ ದಿಬ್ಬಗಳನ್ನು ಅಗೆದು ಪಪೈರಸ್ ಪತ್ರಗಳನ್ನು ಹುಡುಕುತ್ತಿದ್ದನು. ಆ ದಿಬ್ಬಗಳಲ್ಲಿ ಕಾವ್ಯದ ಓಲೆಗಳ ಜೊತೆಗೆ ಲೆಕ್ಕದ ಚೀಟಿ, ಸಾಲದ ಪತ್ರ, ಮನೆಯ ಕಾಗದಗಳೂ ಸಿಕ್ಕುತ್ತಿದ್ದುವು. ಗ್ರೀಕರ ಮತ್ತು ರೋಮನರ ಆಳಿಕೆಯಲ್ಲಿದ್ದ ಈಜಿಪ್ಟಿನ ಸಾಮಾನ್ಯ ಜನರ ಜೀವನವು ವಿದ್ವಾಂಸರಿಗೆ ತಿಳಿದುದು ಬಹುಮಟ್ಟಿಗೆ ಇಂತಹವುಗಳಿಂದಲೇ. ತನ್ನ ಕಾಲದ ಕಸವೂ ಮುಂದೊಮ್ಮೆ ಹೀಗೆಯೇ ಬೇಕಾದೀತೆಂದೂ, ಆದರೆ ಈಜಿಪ್ಟಿನ ಮರಳಿನಂತೆ ಅದನ್ನು ಕಾಪಾಡುವುದಾವುದೂ ಇಂಗ್ಲೆಂಡಿನಲ್ಲಿ ಇಲ್ಲವೆಂದೂ ಕಂಡುಕೊಳ್ಳುವುದು ಅಲ್ಲಿಂದ ಬಂದವನಿಗೆ ಕಷ್ಟವಾಗಿರಲಾರದು. 1925ರಿಂದ 1946ರ ವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಧಿಕಾರಿಯಾಗಿದ್ದ ಆತನು ಹಸ್ತಪತ್ರಿಕೆ, ಬೆಲೆಪಟ್ಟಿ, ಟಿಕೀಟು, ಶುಭಾಶಯಪತ್ರ ಮೊದಲಾದುವನ್ನು ವಿಷಯಾನುಸಾರವಾಗಿ ವಿಂಗಡಿಸಿ ಮುದ್ರಣಾಲಯದಲ್ಲಿಯೇ ಇಡಿಸಿದನು. 10 ಲಕ್ಷಕ್ಕೂ ಮೇಲ್ಪಟ್ಟ ಕಾಗದಗಳುಳ್ಳ ಆ ಸಂಗ್ರಹವು 1968ರಲ್ಲಿ ಬಾಡ್ಲಿಯನ್ನಿಗೇ ವರ್ಗವಾಯಿತು. ಸ್ಥಾಪಕನು ಹೊರಗಿಟ್ಟುದನ್ನು ಗ್ರಂಥಾಲಯವು ಗೌರವದಿಂದ ಒಳಗೆ ಕರೆದುಕೊಂಡಂತಾಯಿತು.

ಅಲ್ಪಾಯುಷಿ ಮುದ್ರಿತಗಳ ಪೈಕಿ ಇಂದು ಅತ್ಯಧಿಕವಾಗಿ ಸಂಗ್ರಹಿಸಲ್ಪಡುವುವುಗಳಲ್ಲಿ ಅಂಚೆಕಾರ್ಡೂ ಒಂದು. ಇಲ್ಲಿ ಮೇಲಣ ತತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ಆಸ್ಟ್ರಿಯಾ-ಹಂಗೆರಿಯ ಅಂಚೆಯವರು 1869ನೆಯ ಅಕ್ಟೋಬರಿನಲ್ಲಿ ಮೊದಲ ಕಾರ್ಡನ್ನು ಹೊರಡಿಸಿದರು; ಮರುವರ್ಷ ಬ್ರಿಟನ್ನಿನಲ್ಲಿ ಅದು ಬಳಕೆಗೆ ಬಂದಿತು; ಭಾರತದಲ್ಲಿ 1879ನೆಯ ಜುಲೈಯಲ್ಲಿ ಕಾಲಾಣೆಯ ಕಾರ್ಡು ಹೊರಟಿತು. ಮೊದಮೊದಲು ಕಾರ್ಡಿನ ಒಂದು ಮೈಯನ್ನು ವಿಳಾಸಕ್ಕೇ ಮೀಸಲಾಗಿಡಬೇಕಾಗಿದ್ದುದರಿಂದ, ಚಿತ್ರದ ಕಾರ್ಡುಗಳಲ್ಲಿ ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿಯೇ ಬರೆಯಬೇಕಾಗುತ್ತಿತ್ತು. ವಿಳಾಸದ ಮೈಯನ್ನು ಎರಡು ಭಾಗ ಮಾಡಿ, ಎಡಗಡೆಯಲ್ಲಿ ಒಕ್ಕಣೆಯನ್ನು ಬರೆಯಲು ಬ್ರಿಟನ್ನಿನಲ್ಲಿ 1902ರಲ್ಲಿಯೂ, ಜರ್ಮನಿಯಲ್ಲಿ 1905ರಲ್ಲಿಯೂ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1907ರಲ್ಲಿಯೂ ಅನುಮತಿ ದೊರೆಯಿತು. ಭಾರತದ ಒಳನಾಡಿನ ಕಾರ್ಡಿನ ದರವು 1922ರಲ್ಲಿ ಕಾಲಾಣೆಯಿಂದ ಅರ್ಧಾಣೆಗೆ ಏರಿತು. ಆದುದರಿಂದ ನಡುಗೆರೆಯೂ ಅಂಚೆಚೀಟಿಯ ಬೆಲೆಯೂ ಠಸ್ಸೆಯ ಮುದ್ರೆಯೂ ಕಾರ್ಡಿನ ಕಾಲನಿರ್ಣಯಕ್ಕೆ ಸಾಧನಗಳು. ಠಸ್ಸೆಯೊಂದನ್ನೇ ನಂಬುವುದೂ ಸಲ್ಲದು. ಅದು ಕಾರ್ಡನ್ನು ಹಾಕಿದ ದಿನವನ್ನು ಹೇಳುವುದೇ ಹೊರತು, ಅಚ್ಚಾದ ವರ್ಷವನ್ನಾಗಲಿ ಛಾಯಾಚಿತ್ರವನ್ನು ತೆಗೆದ ವರ್ಷವನ್ನಾಗಲಿ ಹೇಳದು. ಈ ಸಾಧನಗಳಲ್ಲಿ ಬಹುಪಾಲು ಇರುವುದು ಚಿತ್ರವಿಲ್ಲದ ಮೈಯಲ್ಲಿ. ಅಂಚೆಚೀಟಿಯನ್ನು ಕಿತ್ತುಕೊಂಡವನೂ, ಚಿತ್ರವು ಕಾಣುವಂತೆ ಕಾರ್ಡಿನ ಬೆನ್ನನ್ನು ಆಲ್ಬಮ್ಮಿಗೆ ಅಂಟಿಸಿದವನೂ ಸಾಕ್ಷಿಯ ಬಾಯಿಯನ್ನು ಕಟ್ಟಿದಂತೆಯೇ ಸರಿ.

ಮದ್ರಾಸಿನ ಮತ್ತು ಬೆಂಗಳೂರಿನ ಚಿತ್ರಕಾರ್ಡುಗಳಿಗೂ ಈ ಮಾತು ಅನ್ವಯಿಸುತ್ತದೆ. ಈ ಎರಡೂ ಊರುಗಳಲ್ಲಿ ಅಂಗಡಿಗಳಿದ್ದ ಹಿಗ್ಗಿನ್‌ಬಾಥಮ್ ಮೊದಲಾದವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅನೇಕ ಕಾರ್ಡುಗಳನ್ನು ಪ್ರಕಟಿಸಿದರು. 2018ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪ್ರಾಚ್ಯ ಮತ್ತು ಆಫ್ರಿಕನ್ ಅಧ್ಯಯನಗಳ ಶಾಲೆಯಲ್ಲಿ ಇಂತಹ ಕಾರ್ಡುಗಳನ್ನು ನಗರೇತಿಹಾಸದ ಆಧಾರಗಳೆಂದು ಭಾವಿಸಿ ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಆ ಕಾಲದ ಭಾರತದ ಕಾರ್ಡುಗಳಲ್ಲಿ ಹಲವು ಜರ್ಮನಿಯಲ್ಲಿ ಅಚ್ಚಾದುವು. ಕಪ್ಪುಬಿಳುಪಿನ ಛಾಯಾಚಿತ್ರಕ್ಕೆ ಊರನ್ನು ಕಾಣದವರು ಬಣ್ಣವನ್ನು ಸೇರಿಸಿದುದೂ ಉಂಟು. ಆದುದರಿಂದ ಕಾರ್ಡಿನಲ್ಲಿ ಕಾಣುವ ಸೀರೆಯ ಬಣ್ಣವನ್ನೋ ಗೋಡೆಯ ಬಣ್ಣವನ್ನೋ ಪ್ರಮಾಣವೆಂದು ಹಿಡಿಯಲಾಗದು. ದಂಡಿನ ಬೀದಿಗಳೂ ಬಂಗಲೆಗಳೂ ಕಾರ್ಡುಗಳಲ್ಲಿ ಮೆರೆಯುವುದು ಅವುಗಳನ್ನು ಕೊಳ್ಳುತ್ತಿದ್ದವರ ಅಭಿರುಚಿಗೆ ಸಾಕ್ಷಿಯೇ ಹೊರತು, ಬೆಂಗಳೂರೆಲ್ಲವೂ ಹಾಗೆಯೇ ಇದ್ದಿತೆಂಬುದಕ್ಕೆ ಸಾಕ್ಷಿಯಲ್ಲ.

ಚಿತ್ರವಿಲ್ಲದ ಸಾಧಾರಣ ಕಾರ್ಡಿನ ಗತಿಯು ಇದಕ್ಕಿಂತಲೂ ವಿಚಾರಾರ್ಹವಾದುದು. ಕನ್ನಡನಾಡಿನ ಮನೆಗಳಲ್ಲಿ ಬಂದ ಕಾಗದಗಳನ್ನು ಓದಿದ ಬಳಿಕ ಕೊಕ್ಕೆಯ ತಂತಿಗೆ ಚುಚ್ಚಿ ಗೋಡೆಗೆ ತೂಗಹಾಕುವ ವಾಡಿಕೆಯಿದ್ದಿತು. ಶುಭಕಾರ್ಯದ ಕಾಗದದ ಮೂಲೆಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚುತ್ತಿದ್ದರು. ಮರಣವಾರ್ತೆಯ ಕಾಗದವನ್ನು ಓದಿದೊಡನೆ ಹರಿದು ಹಾಕುತ್ತಿದ್ದರು. ಇದರಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಮೊದಲನೆಯದು, ಉಳಿದಿರುವ ಕಾರ್ಡುಗಳ ಕಂತೆಯಲ್ಲಿ ಮದುವೆ ಮುಂಜಿಗಳು ಹೆಚ್ಚಾಗಿಯೂ ಸಾವುಗಳು ವಿರಳವಾಗಿಯೂ ಕಂಡರೆ, ಆ ಮನೆಯಲ್ಲಿ ಸಾವುಗಳು ಕಡಿಮೆಯಾಗಿದ್ದುವೆಂದು ಊಹಿಸಕೂಡದು. ಆಚಾರವೇ ಅಲ್ಲಿ ಆಯ್ಕೆ ಮಾಡಿದೆ. ಪ್ಲೇಗಿನಂತಹ ಪಿಡುಗಿನ ವರ್ಷಗಳನ್ನು ಕುರಿತು ಕಾಗದಗಳ ಮೌನವನ್ನು ಅರ್ಥಮಾಡುವಾಗ ಈ ಎಚ್ಚರವು ಅತ್ಯವಶ್ಯಕ. ಎರಡನೆಯದು, ತಂತಿಯಲ್ಲಿ ಕಾಗದಗಳು ಬಂದ ಕ್ರಮದಲ್ಲಿಯೇ ಒಂದರ ಮೇಲೊಂದು ನಿಂತಿರುತ್ತವೆ. ಅಂತಹ ತಂತಿಯೊಂದು ಟಾಮಸನ್ನನ ಕಾಲಕ್ರಮದ ಜೋಡಣೆಗೆ ಸಮಾನವಾದ ದಫ್ತರವು. ವ್ಯಾಪಾರಿಯು ಕಂತೆಯನ್ನು ಬಿಚ್ಚಿ, ಅಂದವಾದ ಠಸ್ಸೆಯುಳ್ಳವನ್ನು ಒಬ್ಬನಿಗೂ, ರಾಜನ ಮುಖವುಳ್ಳವನ್ನು ಮತ್ತೊಬ್ಬನಿಗೂ ಮಾರಿ, ಮಿಕ್ಕುದನ್ನು ರದ್ದಿಗೆ ಹಾಕಿದರೆ, ಒಂದು ಕುಟುಂಬದ ಸಾಲಸೋಲ, ಬೆಳೆಬೇಸಾಯ, ಬಾಣಂತನ, ಪ್ರಯಾಣಗಳ ಪಂಕ್ತಿಯು ಒಡೆದು ಬಿಡಿಬಿಡಿ ತುಣುಕುಗಳಾಗುತ್ತದೆ. ತಂತಿಯ ತೂತಿರುವ ಕಾರ್ಡನ್ನು ದೋಷಯುಕ್ತವೆಂದು ತಳ್ಳುವ ಸಂಗ್ರಾಹಕನು, ಅದು ಓದಲ್ಪಟ್ಟು ಕಾಪಾಡಲ್ಪಟ್ಟಿತೆಂಬುದಕ್ಕೆ ಇರುವ ಗುರುತನ್ನೇ ತಳ್ಳಿದಂತಾಗುತ್ತದೆ.

ಇದರಿಂದ ಸಂಗ್ರಾಹಕರು ಪಾಲಿಸತಕ್ಕ ಕ್ರಮವು ತಾನಾಗಿಯೇ ಹೊರಡುತ್ತದೆ. ಕಾಗದವು ಯಾವ ಊರಿನಲ್ಲಿ, ಯಾವ ಕಂತೆಯಿಂದ, ಯಾವ ದಿನ ದೊರೆಯಿತೆಂಬುದನ್ನು ಬೇರೆಯ ಚೀಟಿಯಲ್ಲಿ ಬರೆದಿಡಬೇಕು. ಕಂತೆಯನ್ನು ಒಡೆಯುವ ಮುನ್ನ ಅದರ ಕ್ರಮವನ್ನು ಗುರುತು ಮಾಡಬೇಕು. ಕಾರ್ಡಿನ ಎರಡು ಮೈಗಳೂ ಕಾಣುವಂತೆ ಇಡಬೇಕು. ಅಂಚೆಚೀಟಿಯನ್ನು ಕೀಳಬಾರದು, ಅಂಟನ್ನು ತಾಕಿಸಬಾರದು. ಇದಕ್ಕೆ ಬೇಕಾದುದು ಹಣವಲ್ಲ, ತಾಳ್ಮೆ. ನಾಟಕದ ಕಂಪನಿಗಳ ಹಸ್ತಪತ್ರಿಕೆಗಳು, ಚಲಚ್ಚಿತ್ರಗಳ ಹಾಡಿನ ಪುಸ್ತಕಗಳು, ಲಗ್ನಪತ್ರಿಕೆಗಳು ಕನ್ನಡನಾಡಿನ ಅಟ್ಟಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಇವುಗಳನ್ನು ರಕ್ಷಿಸಲು ಈಜಿಪ್ಟಿನ ಒಣ ಮರಳು ಇಲ್ಲಿಲ್ಲ. ಗೆದ್ದಲೂ ಮಳೆಯ ತೇವವೂ ರದ್ದಿಯ ತಕ್ಕಡಿಯೂ ಇವೆ. ಬಿಡಿಯಾಗಿ ಕಿತ್ತು ಉಳಿಸಿದ ಸಾವಿರ ಕಾರ್ಡುಗಳಿಗಿಂತ, ಎಲ್ಲಿಯದೆಂದು ತಿಳಿದು ಕ್ರಮಗೆಡದೆ ಉಳಿದ ಒಂದು ತಂತಿಯ ಕಾಗದಗಳು ಇತಿಹಾಸಕ್ಕೆ ಹೆಚ್ಚಿನ ಉಪಕಾರವನ್ನು ಮಾಡುವುವು.