ಹುಲ್ಲುಹೆಂಟೆಯ ಮನೆಗಳು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಆಡಿದವರು ಕೈಯಲ್ಲಿ ಅಷ್ಟಿಷ್ಟು ಹಣವಿದ್ದವನ ಪಾಡನ್ನು ಕಂಡೇ ಆಡಿರಬೇಕು. ಹಣವಿಲ್ಲ, ಮರವಿಲ್ಲ, ಕಲ್ಲಿಲ್ಲ; ಕಣ್ಣು ಹಾಯುವಷ್ಟು ದೂರವೂ ಬರಿಯ ಹುಲ್ಲು. ಆದರೂ ಚಳಿಗಾಲ ಬರುವುದರೊಳಗೆ ತಲೆಯ ಮೇಲೊಂದು ಸೂರು ಆಗಲೇಬೇಕು. ಇಂಥ ಇಕ್ಕಟ್ಟಿಗೆ ಸಿಕ್ಕಿದವರು ಮಾಡಿದ್ದೇನು ಎಂಬುದನ್ನು ಅಮೆರಿಕದ ನೆಬ್ರಾಸ್ಕ, ಕ್ಯಾನ್ಸಸ್ ಬಯಲುಗಳ ಚರಿತ್ರೆ ಹೇಳುತ್ತದೆ.

1862ರ ಮೇ 20ರಂದು ಅಧ್ಯಕ್ಷ ಲಿಂಕನ್ನನು ಒಂದು ಕಾಯಿದೆಗೆ ಸಹಿ ಹಾಕಿದನು. ಇಪ್ಪತ್ತೊಂದು ವರ್ಷ ತುಂಬಿದವರಾಗಲಿ, ಸಂಸಾರದ ಹೊಣೆ ಹೊತ್ತವರಾಗಲಿ 160 ಎಕರೆ ಸರ್ಕಾರಿ ಭೂಮಿಯನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು. ಐದು ವರ್ಷ ಅಲ್ಲಿಯೇ ವಾಸಮಾಡಿ, ಉತ್ತು ಬಿತ್ತಿದರೆ ಅದು ಅವರದೇ. ಒಂಟಿ ಹೆಂಗಸರಿಗೂ ಈ ಹಕ್ಕು ಇತ್ತು. ಕೊಡಬೇಕಾದ ಶುಲ್ಕ ಕೆಲವೇ ಡಾಲರು. ಆದರೆ ವಾಸವೆಂದ ಮೇಲೆ ಮನೆ ಬೇಕಲ್ಲವೆ?

ಮೊದಲ ಮನೆ ಹೆಚ್ಚಾಗಿ ಬರಿಯ ಬಿಲವೇ. ದಿಣ್ಣೆಯ ಓರೆಯನ್ನು ಅಗೆದು ಕೋಣೆಮಾಡಿ, ಮುಂಭಾಗವನ್ನು ಮಾತ್ರ ಮುಚ್ಚಿ ಬಾಗಿಲಿಡುತ್ತಿದ್ದರು. 1872ರಲ್ಲಿ ನೆಬ್ರಾಸ್ಕದಲ್ಲಿ ಹದಿನಾಲ್ಕು ಅಡಿ ಚೌಕದ ಇಂಥ ಮನೆ ಮಾಡಿಕೊಂಡವನೊಬ್ಬನ ಲೆಕ್ಕ ಉಳಿದುಬಂದಿದೆ. ಕಿಟಕಿಗೆ 1 ಡಾಲರು 25 ಸೆಂಟು, ಬಾಗಿಲ ಹಲಗೆಗೆ 54 ಸೆಂಟು, ಚಿಲಕ ತಿರುಗಣಿಗೆ 50, ಹೊಗೆಕೊಳವೆಗೆ 30, ಮೊಳೆಗೆ ಹತ್ತೊಂಬತ್ತೂವರೆ ಸೆಂಟು. ಒಟ್ಟು 2 ಡಾಲರು ಎಪ್ಪತ್ತೆಂಟೂವರೆ ಸೆಂಟು! ಮಿಕ್ಕದ್ದೆಲ್ಲ ಭೂಮಿಯದು, ರಟ್ಟೆಯದು. ಅಂಥ ಮನೆಯ ಮಾಡೂ ಸುತ್ತಲಿನ ನೆಲವೂ ಒಂದೇ ಆಗಿ ಕಾಣುತ್ತಿದ್ದುದರಿಂದ, ಮೇಯುತ್ತ ಬಂದ ದನ ಮಾಡನ್ನು ಮುರಿದುಕೊಂಡು ಒಳಗೆ ಬಿದ್ದದ್ದೂ ಉಂಟು.

ಸ್ವಲ್ಪ ಕಾಲೂರಿದ ಮೇಲೆ ನೆಲದ ಮೇಲಿನ ಮನೆ. ನೂರಾರು ವರ್ಷ ಉಳುಮೆ ಕಾಣದ ಆ ನೆಲದಲ್ಲಿ ಹುಲ್ಲಿನ ಬೇರುಗಳು ಜಡೆಯಂತೆ ಹೆಣೆದುಕೊಂಡಿದ್ದವು. ಇದಕ್ಕೆಂದೇ ಮಾಡಿದ ನೇಗಿಲಿನಿಂದ ಒಂದಡಿ ಅಗಲ, ನಾಲ್ಕಂಗುಲ ದಪ್ಪದ ಪಟ್ಟಿಗಳನ್ನು ಮಗುಚಿ, ಸನಿಕೆಯಿಂದ ಎರಡು ಮೂರು ಅಡಿಯ ಹೆಂಟೆಗಳಾಗಿ ಕಡಿಯುತ್ತಿದ್ದರು. ಅವನ್ನು ಹುಲ್ಲು ಕೆಳಮುಖವಾಗಿ, ಸಂದಿನ ಮೇಲೆ ಸಂದು ಬಾರದಂತೆ ಸಾಲಾಗಿ ಇಡಬೇಕು; ಕೆಲವು ಸಾಲಿಗೊಮ್ಮೆ ಅಡ್ಡಸಾಲು ಹಾಕಿ ಬಿಗಿಮಾಡಬೇಕು. ಎರಡು ಮೂರು ಅಡಿ ದಪ್ಪದ ಆ ಗೋಡೆ ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಹುಲ್ಲುಗಾವಲಿಗೆ ಬೆಂಕಿ ಬಿದ್ದರೂ ಸುಲಭವಾಗಿ ಉರಿಯದು.

ಕಷ್ಟವೆಲ್ಲ ಮಾಡಿನದು. ಜಂತಿಯ ಮೇಲೆ ಕಡ್ಡಿ, ಹುಲ್ಲು, ಅದರ ಮೇಲೆ ಮತ್ತೆ ಹೆಂಟೆ. ಹೊರಗೆ ಮಳೆ ನಿಂತ ಮೇಲೂ ಒಳಗೆ ದಿನಗಟ್ಟಲೆ ಕೆಸರು ತೊಟ್ಟಿಕ್ಕುತ್ತಿತ್ತು. ಒಲೆಯ ಮೇಲೆ ಕೊಡೆ ಹಿಡಿದು ಅಡಿಗೆ ಮಾಡಿದ ಹೆಂಗಸರುಂಟು. ಹುಳುಹುಪ್ಪಟೆ, ಹಾವು ತಲೆಯ ಮೇಲೆ ಬೀಳದಂತೆ ಜಂತಿಯ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲಮನ್ ಬುಚರ್ ಎಂಬ ಛಾಯಾಗ್ರಾಹಕನು 1886ರಿಂದ ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ ತಿರುಗಿ, ಈ ಮನೆಗಳನ್ನೂ ಒಕ್ಕಲುಗಳನ್ನೂ ಚಿತ್ರದಲ್ಲಿ ಹಿಡಿದಿಟ್ಟನು. ಒಂದು ಚಿತ್ರದಲ್ಲಿ ಸಂಸಾರವೊಂದು ಅಂಗಳದಲ್ಲಿ ಆರ್ಗನ್ ವಾದ್ಯವನ್ನಿಟ್ಟುಕೊಂಡು ನಿಂತಿದೆ. ಮನೆಯ ಸುಳಿವೇ ಇಲ್ಲ. ಮಣ್ಣಿನ ಮನೆಯಲ್ಲಿದ್ದೇವೆಂದು ಪೂರ್ವದ ಕಡೆಯ ಬಂಧುಗಳಿಗೆ ತಿಳಿಯಬಾರದೆಂಬುದು ಆ ಮನೆಯೊಡತಿಯ ಅಳುಕು. ಅದಕ್ಕಾಗಿ ವಾದ್ಯವನ್ನೇ ಹೊರಗೆ ಹೊತ್ತು ತಂದಿದ್ದರು.

ಆಕೆ ನಾಚಿಕೊಂಡ ಮಣ್ಣಿನ ಮನೆ ಆ ನೆಲಕ್ಕೆ ಹೊಸದೇನಲ್ಲ. ಅದೇ ನೆಬ್ರಾಸ್ಕದ ಲೂಪ್ ನದಿಯ ದಡದಲ್ಲಿ ಪಾವ್ನೀ ಜನರು ತಲೆತಲಾಂತರದಿಂದ ಮಣ್ಣು ಹೊದಿಸಿದ ದುಂಡುಮನೆಗಳಲ್ಲಿ ಬಾಳಿದ್ದರು. ಮರದ ಕಂಬಗಳ ಸುತ್ತ ತೊಲೆ, ಅದರ ಮೇಲೆ ನೀರಂಜಿ ಕಡ್ಡಿ, ಹುಲ್ಲು, ಮಣ್ಣು. ನಡುವೆ ಒಲೆ, ಮೇಲೆ ಹೊಗೆಗಂಡಿ. ಒಂದೊಂದು ಮನೆಯಲ್ಲಿ ಹಲವು ಸಂಸಾರ. ಸುತ್ತ ಹೆಂಗಸರು ಬೆಳೆದ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ. 1857ರ ಒಪ್ಪಂದ ಅವರಿಗೆ ಆ ನದಿಯ ದಂಡೆಯಲ್ಲಿ ಒಂದು ತುಂಡು ನೆಲವನ್ನು ಮಾತ್ರ ಉಳಿಸಿತು. ವಲಸಿಗರು ಅವರ ಮರಗಳನ್ನು ಕಡಿದೊಯ್ದರು. ರೋಗ, ಬೆಳೆನಷ್ಟ, ಸೂ ಜನರ ದಾಳಿಗಳು ಬೇರೆ. 1870ರ ದಶಕದ ನಡುವಿನಲ್ಲಿ ಅವರು ಇಂದಿನ ಒಕ್ಲಹೋಮಕ್ಕೆ ಹೊರಟುಹೋಗಬೇಕಾಯಿತು. ಒಬ್ಬರು ಮಣ್ಣಿನ ಮನೆ ಬಿಟ್ಟು ಹೊರಟ ವರ್ಷಗಳಲ್ಲೇ ಇನ್ನೊಬ್ಬರು ಅದೇ ಬಯಲಿನಲ್ಲಿ ಮಣ್ಣಿನ ಮನೆ ಕಟ್ಟುತ್ತಿದ್ದರು.

ರೈಲು ಹಲಗೆಗಳನ್ನು ತಂದಿತು. ಅನುಕೂಲವಾದವರು ಮರದ ಮನೆ ಕಟ್ಟಿದರು. ಹೆಂಟೆಯ ಮನೆ ದನದ ಕೊಟ್ಟಿಗೆಯಾಯಿತು, ಮಾಡು ಕುಸಿದು ನೆಲಕ್ಕೆ ಸೇರಿತು. ನೇಗಿಲು ಮಾತ್ರ ನಿಲ್ಲಲಿಲ್ಲ. 1930ರ ದಶಕದ ಬರಗಾಲದಲ್ಲಿ, ಹುಲ್ಲಿನ ಬೇರು ಕಳೆದುಕೊಂಡ ದಕ್ಷಿಣದ ಬಯಲುಗಳ ಮಣ್ಣು ಮೋಡಮೋಡವಾಗಿ ಎದ್ದು ಹಾರಿತು.

ಕೈಯಲ್ಲಿ ಕಾಸಿಲ್ಲದವನು ಕಾಲಕೆಳಗಿನ ಮಣ್ಣಿನಿಂದಲೇ ಮನೆ ಎಬ್ಬಿಸಿದ್ದು ಸಾಮಾನ್ಯ ಸಾಹಸವಲ್ಲ, ಅದನ್ನು ಮೆಚ್ಚಲೇಬೇಕು. ಆದರೆ ಸರ್ಕಾರ ಅವನಿಗೆ ಬಿಟ್ಟಿಯಾಗಿ ಕೊಟ್ಟ ಆ ನೆಲ ಬಿಟ್ಟಿಯದಲ್ಲ. ಅದರ ಬೆಲೆಯನ್ನು ಪಾವ್ನೀ ಜನರು ಮೊದಲೇ ತೆತ್ತಿದ್ದರು.