ಸೊನ್ನಲಿಗೆಯ ಶಿವಯೋಗಿಯೂ ನಿಜಸುಖದ ಶೋಧವೂ

ಪುರಾತನರ ಚರಿತ್ರೆಗಳಲ್ಲಿ ಸೊನ್ನಲಿಗೆಯೆಂದು ಹೆಸರಾಂತ ಪಟ್ಟಣವೇ ಈಗಿನ ಸೊಲ್ಲಾಪುರವು. ಇಂದು ಅದು ಮಹಾರಾಷ್ಟ್ರಕ್ಕೆ ಸೇರಿರುವುದಾದರೂ ಅಲ್ಲಿಯ ವಿಶಾಲವಾದ ಕೆರೆಯೂ, ನೀರ ನಡುವೆ ನೆಲೆಗೊಂಡ ದೇವಾಲಯವೂ, ಆ ಆವರಣದಲ್ಲಿರುವ ಗದ್ದುಗೆಯೂ ಕನ್ನಡನಾಡಿನ ಶರಣರೊಬ್ಬರ ನೆನಪನ್ನು ಎಂಟುನೂರು ವರುಷಗಳಿಂದ ಕಾಯ್ದುಕೊಂಡು ಬಂದಿವೆ. ಶ್ರೀ ಸಿದ್ಧರಾಮೇಶ್ವರರ ಕೀರ್ತಿಯನ್ನು ಅರಿಯದ ಶಿಷ್ಯಭಕ್ತರು ನಮ್ಮಲ್ಲಿ ವಿರಳ. ಕೆರೆಯನ್ನು ಕಟ್ಟಿಸಿದ ಮಹಾಪುರುಷರೆಂದು ಎಲ್ಲರೂ ಅವರನ್ನು ಕೊಂಡಾಡುವರು. ಆದರೆ ಇಂಥ ಲೋಕೋಪಕಾರದಲ್ಲಿ ನಿರತರಾದವರನ್ನೇ ಒಂದು ದಿನ ಒಬ್ಬ ಜಂಗಮನು ಬಂದು ತಡೆದು, ಇಷ್ಟೆಲ್ಲವನ್ನು ಮಾಡಿದ ನೀನು ನಿನ್ನನ್ನು ಅರಿತೆಯಾ ಎಂಬರ್ಥದ ಪ್ರಶ್ನೆಯನ್ನು ಮುಂದಿಟ್ಟನೆಂಬುದನ್ನು ನೆನೆದು ನೋಡುವವರು ಅಷ್ಟು ಮಂದಿ ಇರಲಾರರು. ಮಠದ ಉತ್ಸವದ ಈ ಸಂದರ್ಭದಲ್ಲಿ, ಕಟ್ಟಿದುದರ ಲೆಕ್ಕವನ್ನು ನಾವು ಹರ್ಷದಿಂದ ಹೇಳಿಕೊಳ್ಳುತ್ತಿರುವಾಗ, ಆ ಪ್ರಸಂಗವನ್ನು ವಿಚಾರಿಸುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯಲಾಗಿದೆ.

ಸಿದ್ಧರಾಮರ ಬಾಲ್ಯವನ್ನು ಹದಿಮೂರನೆಯ ಶತಮಾನದ ಮಹಾಕವಿ ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಹೃದಯಂಗಮವಾಗಿ ವರ್ಣಿಸಿರುವನು. ಮುದ್ದುಗೌಡ, ಸುಗ್ಗವ್ವೆಯರ ಮಗನಾದ ಈ ಬಾಲಕನು ಲೋಕದ ಕಣ್ಣಿಗೆ ಮಂಕನಾಗಿ ತೋರುತ್ತಿದ್ದನು. ದನ ಕಾಯುವುದೇ ಅವನ ಕೆಲಸವಾಗಿದ್ದಿತು. ಹೊಲದಲ್ಲಿ ಒಂದು ದಿನ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಬಂದು ಅವನ ಕೈಯ ಎಳೆದೆನೆಯನ್ನು ಸವಿದು, ಮೇಲೆ ಮಜ್ಜಿಗೆಯನ್ನವನ್ನು ಬೇಡಿದನು. ಹುಡುಗನು ಮನೆಗೆ ಓಡಿ ಅನ್ನವನ್ನು ತರುವಷ್ಟರಲ್ಲಿ ಅತಿಥಿಯು ಅಲ್ಲಿರಲಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಅವನು ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲವನ್ನು ಮುಟ್ಟಿದನು. ಯಾತ್ರಿಕರು ಗುಡಿಯೊಳಗಿನ ಲಿಂಗವನ್ನು ತೋರಿಸಿ, ಇವನೇ ನಿನ್ನ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದವನು, ತನ್ನ ಕೈಯಿಂದ ಉಂಡವನು, ಹಸಿವೆಯೆಂದವನು ಬೇರೆ. ಇದು ಮಾತನಾಡದ ಶಿಲೆ. ಅಳುತ್ತ ಬೆಟ್ಟಗಳಲ್ಲಿ ಅಲೆದು, ಕಡೆಗೆ ಕೊಳ್ಳಕ್ಕೆ ಹಾರಲು ಸಿದ್ಧನಾದಾಗ ಮಲ್ಲಯ್ಯನು ಪ್ರತ್ಯಕ್ಷನಾಗಿ ಅವನನ್ನು ಹಿಡಿದುಕೊಂಡನೆಂದು ಕವಿಯು ಹೇಳುವನು.

ಈ ಕಥೆಯಲ್ಲಿ ಓದುಗರು ವಿಶೇಷವಾಗಿ ಲಕ್ಷಿಸತಕ್ಕುದೊಂದುಂಟು. ಶಿಲೆಯನ್ನು ತೋರಿಸಿದಾಗ ತೃಪ್ತಿಗೊಳ್ಳದೆ ಜೀವಂತವಾದ ಸಾನ್ನಿಧ್ಯವನ್ನೇ ಬೇಡಿದ ಹುಡುಗನೇ ಮುಂದೆ ಸೊನ್ನಲಿಗೆಗೆ ಮರಳಿ ಗುಡಿಯನ್ನು ಕಟ್ಟಿಸಿದನು, ಊರ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದನು, ಸಹಸ್ರಾರು ಜನರನ್ನು ಕೂಡಿಸಿ ಕೆರೆಯನ್ನು ಅಗೆಯಿಸಿದನು. ಇದು ತಪ್ಪೆಂದು ಹೇಳುವವರಾರು? ನೀರಿಲ್ಲದ ಸೀಮೆಯಲ್ಲಿ ಕೆರೆಯನ್ನು ಕಟ್ಟುವುದಕ್ಕಿಂತ ದೊಡ್ಡ ಪುಣ್ಯವಿಲ್ಲ. ಆದರೂ ಹಿಂದೆ ಕೊಳ್ಳದ ಅಂಚಿನವರೆಗೆ ಅವನನ್ನು ಒಯ್ದ ಆ ಹಸಿವೆಯು ಈ ಕಾರ್ಯಗಳ ನಡುವೆ ಏನಾಯಿತೆಂಬ ಪ್ರಶ್ನೆಯು ಉಳಿದೇ ಉಳಿಯುವುದು. ಇದನ್ನೇ ಪ್ರಭುದೇವರು ಕೇಳಬಂದರು.

ಕೇಳಿದವರ ಪೂರ್ವಚರಿತ್ರೆಯನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಬಳ್ಳಿಗಾವೆಯ ಅಲ್ಲಮರ ವಿಷಯದಲ್ಲಿ ನಮ್ಮ ಕವಿಗಳು ಎರಡು ಬಗೆಯಾಗಿ ಹೇಳಿರುವರು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಪ್ರಭುವು ಮಾಯೆಯ ಸೋಂಕಿಲ್ಲದವನು. ಮಾಯಾದೇವಿಯು ಎಷ್ಟು ಹಿಂಬಾಲಿಸಿದರೂ ಆತನು ಸಿಕ್ಕುವುದಿಲ್ಲ. ಅದಕ್ಕಿಂತ ಪೂರ್ವದವನಾದ ಹರಿಹರನು ತನ್ನ ರಗಳೆಯಲ್ಲಿ ಕಾಣಿಸುವ ಅಲ್ಲಮನು ಮದ್ದಳೆಯ ಗುಣಿ, ಕಮಲತೆಯೆಂಬವಳನ್ನು ಒಲಿದು ಮದುವೆಯಾದವನು. ಅವಳು ಜ್ವರದಿಂದ ತೀರಿಕೊಂಡಳು. ಶೋಕದಿಂದ ಮೈಮರೆತು ತೋಪಿನಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದರುತ್ತಿರಲು, ಮಣ್ಣಿನೊಳಗೆ ಹುದುಗಿದ್ದ ಗುಡಿಯ ಹೊನ್ನ ಕಳಸವು ಅವನಿಗೆ ಗೋಚರವಾಯಿತು. ಅಗೆದು ಬಾಗಿಲನ್ನು ತೆರೆದು ನೋಡಿದರೆ ಒಳಗೆ ಅನಿಮಿಷಯೋಗಿಯು ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಯೋಗಿಯು ದೇಹವನ್ನು ಬಿಟ್ಟನು.

ಚಾಮರಸನ ಚಿತ್ರವು ತತ್ತ್ವದೃಷ್ಟಿಯಿಂದ ಉನ್ನತವಾದುದೆಂಬುದನ್ನು ಅಲ್ಲಗಳೆಯುವಂತಿಲ್ಲ. ಆ ಕಾವ್ಯವು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶಸ್ವಾಮಿಗಳಿಂದ ತಮಿಳಿಗೂ ಹೋಗಿ ಅಲ್ಲಿ ಮನ್ನಣೆಯನ್ನು ಪಡೆಯಿತು. ಆದರೆ ಸಾಧಕನಿಗೆ ಹರಿಹರನ ಚಿತ್ರವೇ ಹೆಚ್ಚು ಹತ್ತಿರವೆಂದು ನನ್ನ ಎಣಿಕೆ. ಹುಟ್ಟಿನಿಂದಲೇ ಮುಕ್ತನಾದವನನ್ನು ನಾವು ವಂದಿಸಬಹುದಲ್ಲದೆ ಅವನ ಹೆಜ್ಜೆಯಲ್ಲಿ ಹೆಜ್ಜೆಯನ್ನಿಡುವುದೆಂತು? ಸುಖವು ಒಬ್ಬ ವ್ಯಕ್ತಿಯಲ್ಲಿ ನೆಲಸಿದೆಯೆಂದು ನಂಬಿ, ಆ ವ್ಯಕ್ತಿಯು ಹೋದೊಡನೆ ಎಲ್ಲವನ್ನೂ ಕಳೆದುಕೊಂಡವನು, ತಾನು ಕುಳಿತ ನೆಲದ ಕೆಳಗೇ ಹೂತಿದ್ದ ಗುಡಿಯನ್ನು ಕಂಡನೆಂಬಲ್ಲಿ ನಮ್ಮೆಲ್ಲರ ಸ್ಥಿತಿಯೂ ಅಡಗಿದೆ. ಕಳಸವನ್ನು ಕಂಡುದು ಕೃಪೆಯಿಂದ. ಅಗೆದುದು ಅವನ ಕೈಯಿಂದ.

ಇಂಥ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿದೆ. ಕೆರೆಯ ಕೆಲಸದಲ್ಲಿದ್ದವರನ್ನು ಕಂಡು ಪ್ರಭುಗಳು ಅವರ ಒಡೆಯನನ್ನು ಒಡ್ಡನೆಂಬ ಹೆಸರಿನಿಂದ ಕರೆದು, ಎಲ್ಲಿರುವನೆಂದು ಕೇಳಿದರು. ಮಣ್ಣನ್ನು ಅಗೆದು ಬದುಕುವ ಕಾಯಕವು ಶರಣರ ದೃಷ್ಟಿಯಲ್ಲಿ ಎಂದಿಗೂ ಹೀನವಲ್ಲ. ಆ ಹೆಸರಿನಲ್ಲಿ ನಿಂದೆಯನ್ನು ಕಂಡವರು ಕೇಳಿದವರೇ ಹೊರತು ಆಡಿದವರಲ್ಲ. ಶಿಷ್ಯರು ಕೆರಳಿ ಕಲ್ಲುಗಳನ್ನು ಬೀರಿದರು. ಅವು ಪ್ರಭುಗಳನ್ನು ಮುಟ್ಟಲಿಲ್ಲ. ಸುದ್ದಿಯನ್ನು ಕೇಳಿ ಸಿದ್ಧರಾಮರೇ ಬಂದು ಕೋಪದಿಂದ ಹಣೆಗಣ್ಣನ್ನು ತೆರೆಯಲು, ಹೊರಟ ಉರಿಯು ಪ್ರಭುಗಳ ಪಾದದಲ್ಲಿ ಅಡಗಿತು. ಅಲ್ಲಿಗೆ ಸಿದ್ಧರಾಮರ ಮನಸ್ಸು ತಿರುಗಿತು.

ಪವಾಡವನ್ನು ಪವಾಡವಾಗಿ ನಂಬುವವರು ನಂಬಲಿ. ಆದರೆ ಅದರ ಮರ್ಮವು ಸುಲಭವಾಗಿಯೇ ತಿಳಿಯುವಂತಿದೆ. ಪರೋಪಕಾರಕ್ಕಾಗಿ ಸರ್ವಸ್ವವನ್ನು ಧಾರೆಯೆರೆದ ಮಹಾತ್ಮನಿಗೂ ಹೆಸರಿನ ಒಂದು ಸಣ್ಣ ಪೆಟ್ಟು ತಗಲಿದೊಡನೆ ಉರಿಯು ಹೊರಬಂದಿತು. ಅಷ್ಟು ದೊಡ್ಡ ಕೆರೆಯ ನೀರು ಆ ಉರಿಯನ್ನು ಆರಿಸಲಿಲ್ಲ. ಮಾಡುವ ನಾನು ಉಳಿದಿರುವ ತನಕ ಮಾಡಿದ ಪುಣ್ಯವು ಆ ನಾನೆಂಬುದಕ್ಕೇ ಆಹಾರವಾಗುವುದು. ಪ್ರಭುಗಳು ಕೆರೆಯನ್ನು ಒಡೆಯೆಂದು ಹೇಳಲಿಲ್ಲ, ಕಟ್ಟುವವನಾರೆಂಬುದನ್ನು ನೋಡೆಂದರು. ಅನಂತರ ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು.

ಕಲ್ಯಾಣದಲ್ಲಿ ಆಗ ಕಲಚುರ್ಯ ಬಿಜ್ಜಳನ ಆಳಿಕೆ. ಬಸವಣ್ಣನವರು ಭಂಡಾರದ ಅಧಿಕಾರದಲ್ಲಿದ್ದು ಶರಣರ ಗೋಷ್ಠಿಯನ್ನು ನಡೆಯಿಸುತ್ತಿದ್ದರು. ಅಲ್ಲಿ ಚೆನ್ನಬಸವಣ್ಣನವರು ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆಯನ್ನು ಕೊಟ್ಟರೆಂದು ಗೂಳೂರ ಸಿದ್ಧವೀರಣ್ಣೊಡೆಯರ ಸಂಪಾದನೆಯು ಹೇಳುವುದು. ಈ ವಿಷಯದಲ್ಲಿ ಒಂದು ಚಾರಿತ್ರಿಕ ಸಂಗತಿಯನ್ನು ಮುಚ್ಚಿಡಬಾರದು. ಶೂನ್ಯಸಂಪಾದನೆಯು ಒಬ್ಬರ ಕೃತಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯಗಳು ಮೊದಲು ಸಂಕಲಿಸಿದುದನ್ನು ಹಲಗೆಯಾರ್ಯರೂ, ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ, ಕಡೆಗೆ ಗೂಳೂರ ಸಿದ್ಧವೀರಣ್ಣೊಡೆಯರೂ ಪರಿಷ್ಕರಿಸಿದರು. ಸಿದ್ಧರಾಮರ ದೀಕ್ಷೆಯ ಪ್ರಸಂಗದಲ್ಲಿ ಈ ನಾಲ್ವರೂ ಏಕಾಭಿಪ್ರಾಯದವರಲ್ಲ. ಶ್ರೀಶೈಲದಲ್ಲಿ ಮಲ್ಲಯ್ಯನ ಕೈಯನ್ನೇ ಹಿಡಿದವನಿಗೆ ಅಂಗೈಯ ಲಿಂಗವು ಬೇಕೆ, ಬೇಡವೇ ಎಂಬುದೇ ವಿವಾದದ ತಿರುಳು. ಇದನ್ನು ಪಂಡಿತರ ಪಾಠಾಂತರದ ಜಗಳವೆಂದು ಬದಿಗಿಡಲಾಗದು. ಅಂತರಂಗದಲ್ಲಿ ಒಮ್ಮೆ ಬೆಳಕು ಕಂಡವನಿಗೆ ನಿತ್ಯಸಾಧನೆಯು ಬೇಕೆ? ನಮ್ಮ ಹಿರಿಯರು ಈ ಪ್ರಶ್ನೆಯನ್ನು ಶತಮಾನಕ್ಕೂ ಮೀರಿ ಚರ್ಚಿಸಿದರು, ಮತ್ತು ಬಹುಮಂದಿ ಭಕ್ತರು ಬೇಕೆಂಬ ಪಕ್ಷವನ್ನೇ ಹಿಡಿದರು.

ಆ ಸಾಧನೆಯ ಸ್ವರೂಪವು ನಮ್ಮ ಭಕ್ತರಿಗೆ ಹೊಸದಲ್ಲವಾದ ಕಾರಣ ವಿಸ್ತರಿಸಬೇಕಾಗಿಲ್ಲ. ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿ, ಷಡಕ್ಷರಿಯನ್ನು ಮನದಲ್ಲಿ ನೆನೆಯುತ್ತ, ಎವೆಯಿಕ್ಕದೆ ನೋಡುವುದು; ಕಣ್ಣಿನ ಮುಂದಿನ ಇಷ್ಟಲಿಂಗವು ಉಸಿರಿನೊಳಗಿನ ಪ್ರಾಣಲಿಂಗವಾಗಿ, ಅದು ಭಾವದಲ್ಲಿ ಭಾವಲಿಂಗವಾಗುವ ತನಕ ಆ ನೋಟವನ್ನು ಸಾಗಿಸುವುದು. ಗುಡಿಗೆ ಹೋಗಿ ನೋಡುವ ದೇವರಿಗೂ ನೋಡುವವನಿಗೂ ನಡುವೆ ಇದ್ದ ದಾರಿಯನ್ನು ಶರಣರು ಒಂದು ಗೇಣಿಗೆ ಇಳಿಸಿದರು. ಉಳಿದ ಗೇಣನ್ನು ಸಾಧಕನು ತಾನೇ ನಡೆಯಬೇಕು. ಲಿಂಗವನ್ನು ಕೊರಳಲ್ಲಿ ಧರಿಸಿಯೂ ವರ್ಷಕ್ಕೊಮ್ಮೆ ಕೈಗೆ ತೆಗೆದುಕೊಳ್ಳದವರು ಈ ನಡಿಗೆಯನ್ನು ಆರಂಭಿಸಿಯೇ ಇಲ್ಲವೆಂದು ನಿಷ್ಠುರವಾಗಿ ಹೇಳಬೇಕಾಗಿದೆ.

ಇಲ್ಲಿ ಷಟ್‌ಸ್ಥಲದ ಕ್ರಮದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸೋಣ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಿದೆ. ಆನಂದವು ಐದನೆಯದು. ಸುಖವನ್ನರಸಿ ಬಂದವನಿಗೆ ಮೊದಲ ಮೆಟ್ಟಿಲಲ್ಲಿಯೇ ಸುಖವನ್ನು ಕೊಡುವೆನೆಂದು ಈ ಶಾಸ್ತ್ರವು ಆಸೆ ತೋರಿಸುವುದಿಲ್ಲ. ಮೊದಲು ನಂಬಬೇಕು, ನಂಬಿದುದರಲ್ಲಿ ನಿಲ್ಲಬೇಕು, ಬಂದುದನ್ನು ಪ್ರಸಾದವೆಂದು ಎಚ್ಚರದಿಂದ ಕೈಕೊಳ್ಳಬೇಕು, ಆಮೇಲೆ ತನ್ನೊಳಗೆ ನೋಡಿ ಅನುಭವಿಸಬೇಕು, ಅನಂತರವೇ ಆನಂದವು. ಅದೂ ಕಡೆಯದಲ್ಲ. ಆರನೆಯದರಲ್ಲಿ ಆನಂದವನ್ನು ಉಣ್ಣುವವನೊಬ್ಬನು ಬೇರೆಯಾಗಿ ಉಳಿದಿರುವುದಿಲ್ಲ. ಉಣ್ಣುವವನು ಬೇರೆಯಿರುವ ತನಕ ಉಣಿಸು ಮುಗಿದೀತೆಂಬ ಭಯವಿರುವುದು. ಕಮಲತೆಯನ್ನು ಕಳೆದುಕೊಂಡ ಅಲ್ಲಮನ ಭಯವೂ ಅದೇ. ಆದುದರಿಂದಲೇ ಶರಣರು ಸುಖವನ್ನು ಹುಡುಕೆಂದು ಹೇಳದೆ ಅರಿವನ್ನು ಹುಡುಕೆಂದು ಹೇಳಿದರು.

ದೀಕ್ಷೆಯ ಅನಂತರ ಸಿದ್ಧರಾಮರು ಕೆರೆಯನ್ನು ತೊರೆದರೇ? ಇಲ್ಲ. ಅಲ್ಲಮಪ್ರಭು, ಚೆನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನವನ್ನು ಏರಿದವರು ಅವರೇ ಎಂದು ಸಂಪ್ರದಾಯವು ಹೇಳುವುದು. ಅವರ ಸಮಾಧಿಯು ತಾವು ಕಟ್ಟಿಸಿದ ಕೆರೆಯ ನಡುವೆಯೇ ಇದೆ. ಇಂದಿಗೂ ಮಕರಸಂಕ್ರಮಣದ ಜಾತ್ರೆಯಲ್ಲಿ ಎತ್ತರವಾದ ನಂದಿಧ್ವಜಗಳನ್ನು ಹೊತ್ತು ಜನರು ಆ 68 ಲಿಂಗಗಳನ್ನು ಸುತ್ತಿ ಬರುವರು.

ಕಲ್ಯಾಣದ ಕ್ರಾಂತಿಯ ಅನಂತರ ಈ ಯೋಗದ ಪರಂಪರೆಯು ಹಲವೆಡೆಗಳಲ್ಲಿ ಉಳಿದು ಬಂದಿತು. ಎಡೆಯೂರ ತೋಂಟದ ಸಿದ್ಧಲಿಂಗಯತಿಗಳು ನಾಗಿನೀ ನದಿಯ ಬಳಿ, ಕಗ್ಗೆರೆಯ ತೋಟದಲ್ಲಿ ಮೈಮೇಲೆ ಹುತ್ತವೇಳುವಂತೆ ತಪವನ್ನಾಚರಿಸಿದರೆಂದು ಪ್ರತೀತಿಯುಂಟು. ತಮ್ಮ ಅನುಭವವನ್ನು ಅವರು ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳಲ್ಲಿ ಇರಿಸಿ ಹೋದರು. ನಿಜಗುಣ ಶಿವಯೋಗಿಗಳು ಕೈವಲ್ಯಪದ್ಧತಿಯ ಹಾಡುಗಳಿಂದ ಅದೇ ತತ್ತ್ವವನ್ನು ಹಳ್ಳಿಯ ಭಜನೆಗಳಿಗೆ ಮುಟ್ಟಿಸಿದರು. ಆದರೆ ಗ್ರಂಥಗಳು ಓಲೆಗರಿಗಳಲ್ಲಿ ಹುದುಗಿದಂತೆ ಸಾಧನೆಯೂ ಬರಬರುತ್ತ ಮರೆಯಾಯಿತು. ಗ್ರಂಥಗಳ ಮಟ್ಟಿಗೆ ಆ ಕೊರತೆಯನ್ನು ತುಂಬಿದವರಲ್ಲಿ ಮುಖ್ಯರು ಫ. ಗು. ಹಳಕಟ್ಟಿಯವರು, ಅವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಹೊರಬಿದ್ದಿತು.

ಸಾಧನೆಯ ಕೊರತೆಯನ್ನು ಕಂಡು ಮರುಗಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು. ಅವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಸೇರಿತು. ಶಾಲೆಗಳು, ಪ್ರಸಾದನಿಲಯಗಳು ನಾಡಿನಲ್ಲಿ ಏಳತೊಡಗಿದವು. ಇದು ಕೆರೆ ಕಟ್ಟುವ ಕಾಯಕವೇ ಸರಿ. ಆದರೆ ಅಷ್ಟಕ್ಕೆ ನಿಲ್ಲದೆ ಅವರು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳ ಪೀಠವನ್ನೇರತಕ್ಕ ವಟುಗಳು ಅಲ್ಲಿ ಶಾಸ್ತ್ರವನ್ನು ಓದಬೇಕು, ಗೋವುಗಳ ಸೇವೆಯನ್ನು ಮಾಡಬೇಕು, ಗೋಮಯದಿಂದ ವಿಭೂತಿಯನ್ನು ಸಿದ್ಧಗೊಳಿಸಬೇಕು, ಎಲ್ಲಕ್ಕಿಂತ ಮಿಗಿಲಾಗಿ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತುಕೊಳ್ಳುವುದನ್ನು ಕಲಿಯಬೇಕು. ಕೂಡಲು ತಿಳಿಯದವನು ಪೀಠದ ಮೇಲೆ ಕುಳಿತು ಮಾಡುವುದೇನೆಂಬುದು ಅಲ್ಲಿಯ ಶಿಕ್ಷಣದ ಅಂತರಾರ್ಥವೆಂದು ತಿಳಿಯಬಹುದು. 1930ರಲ್ಲಿ ಶ್ರೀಗಳು ಲಿಂಗೈಕ್ಯರಾದರು.

ಅವರ ಕೃಪೆಗೆ ಪಾತ್ರರಾದವರಲ್ಲಿ ಹಾನಗಲ್ಲ ಸೀಮೆಯ ಇಬ್ಬರು ಅಣ್ಣತಮ್ಮಂದಿರಿದ್ದರು; ಇಬ್ಬರಿಗೂ ಕಣ್ಣಿರಲಿಲ್ಲ. ದೃಷ್ಟಿಯನ್ನು ಲಿಂಗದಲ್ಲಿ ನೆಡುವ ಯೋಗವನ್ನು ಕಣ್ಣಿಲ್ಲದವನು ಸಾಧಿಸುವುದೆಂತೆಂಬ ಸಂದೇಹವು ಯಾರಿಗಾದರೂ ಬರುವುದು ಸಹಜ. ಶ್ರೀಗಳು ಅವರಿಗೆ ಸಂಗೀತವನ್ನು ಕಲಿಸುವ ಏರ್ಪಾಡನ್ನು ಮಾಡಿದರು. ಕಿರಿಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತರಾಗಿ, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿ 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಎಳೆತನದಲ್ಲಿಯೇ ಕಣ್ಣನ್ನು ಕಳೆದುಕೊಂಡವರು. 2010ರಲ್ಲಿ ದೇಹವನ್ನು ಬಿಡುವ ತನಕ ಅವರು ಅದೇ ಆಶ್ರಮದಲ್ಲಿ ಕುರುಡು ಮಕ್ಕಳಿಗೆ ಅನ್ನವನ್ನಿಕ್ಕಿ, ತಂಬೂರಿಯನ್ನು ಕೈಗೆ ಕೊಟ್ಟು, ಷಡ್ಜದಿಂದ ಪಾಠವನ್ನು ಆರಂಭಿಸುತ್ತಿದ್ದರು.